ಗಾದಿಗೆ ಹೊಲಿಗೆ ಬಿದ್ದಿದೆಯೇ? ಮೊದಲು ಕಾಲು ನೆಟ್ಟಗಾಗಲಿ

ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಬಂದವರ ಮನೆಗೆ ಹೋದಾಗ ನನ್ನ ಕಣ್ಣಿಗೆ ಮೊದಲು ಬೀಳುವುದು ಮೊಣಕಾಲಿನ ಕೆಳಗಿಟ್ಟ ತಲೆದಿಂಬು. ಮನೆಯವರು ಅಕ್ಕರೆಯಿಂದ ಇಟ್ಟಿರುತ್ತಾರೆ. ಮಾತು ಶುರು ಮಾಡುವ ಮುಂಚೆಯೇ ನಾನು ಅದನ್ನು ಎಳೆದು ಬದಿಗಿಡುತ್ತೇನೆ. ‘ಸರ್, ಅದಿದ್ದರೆ ಅವನಿಗೆ ಆರಾಮ’ ಎಂದು ತಾಯಿಯ ಮುಖ ಸಣ್ಣದಾಗುತ್ತದೆ. ಆರಾಮ ಅನಿಸುವುದು ನಿಜ. ಊದಿದ ಮೊಣಕಾಲನ್ನು ತುಸು ಮಡಚಿದಾಗ ಕೀಲಿನೊಳಗಿನ ನೀರಿಗೆ ಹೆಚ್ಚು ಜಾಗ ಸಿಗುತ್ತದೆ, ಬಿಗಿತ ಇಳಿಯುತ್ತದೆ. ಆದರೆ ಅದೇ ಭಂಗಿಯಲ್ಲಿ ಮೂರು ವಾರ ಕಳೆದರೆ ಕಾಲು ಪೂರ್ತಿ ನೆಟ್ಟಗಾಗುವುದನ್ನೇ ಮರೆಯುತ್ತದೆ. ಆಮೇಲೆ ಅದನ್ನು ನೆಟ್ಟಗೆ ಮಾಡುವ ಹೊತ್ತಿಗೆ ರೋಗಿಗೂ ಕಣ್ಣೀರು, ನನಗೂ ಬೆವರು.

ವಿಜಯಪುರದಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿ ಕಬಡ್ಡಿ ಹುಡುಗರು, ಗರಡಿಯ ಪೈಲ್ವಾನರು, ಬೈಕಿನಿಂದ ಬಿದ್ದವರು, ಕಬ್ಬಿನ ಗದ್ದೆಯಲ್ಲಿ ಕಾಲು ತಿರುಚಿಕೊಂಡವರು ಬರುತ್ತಾರೆ. ಮೊಣಕಾಲಿನ ಎಲುಬುಗಳ ನಡುವಿನ ಮೆತ್ತೆಯನ್ನು ವೈದ್ಯರು ಚೀಟಿಯಲ್ಲಿ ಮೆನಿಸ್ಕಸ್ ಎಂದು ಬರೆದರೆ ಇವರು ‘ಗಾದಿ’ ಎನ್ನುತ್ತಾರೆ. ನನಗೂ ಅದೇ ಹೆಸರು ಹಿಡಿಸಿದೆ. ಹರಿದ ಗಾದಿಗೆ ಹೊಲಿಗೆ ಹಾಕಿಸಿಕೊಂಡ ಮೇಲೆ ಮನೆಯಲ್ಲಿ ಏನೇನು ಮಾಡಬೇಕು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

1. ಡಿಸ್ಚಾರ್ಜ್ ಕಾರ್ಡು ಓದಿ

ಅದರಲ್ಲಿ ‘ರಿಪೇರ್’ ಎಂದಿದೆಯೋ, ‘ಪಾರ್ಷಿಯಲ್ ಮೆನಿಸೆಕ್ಟಮಿ’ ಎಂದಿದೆಯೋ ನೋಡಿ. ಎರಡನೆಯದಾದರೆ ಹರಿದ ಚೂರನ್ನು ಕತ್ತರಿಸಿ ತೆಗೆದಿದ್ದಾರೆ. ಅಂಥವರು ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಕಾಲೂರಿ ನಡೆಯುತ್ತಾರೆ. ಮೊದಲನೆಯದಾದರೆ ಹೊಲಿದಿದ್ದಾರೆ, ಅದು ಕೂಡಿಕೊಳ್ಳಬೇಕು. ‘ನಮ್ಮ ಮಾವ ನಾಲ್ಕೇ ದಿನಕ್ಕೆ ಹೊಲಕ್ಕೆ ಹೋದ’ ಎಂದು ಹುರಿದುಂಬಿಸುವವರು ಊರಲ್ಲಿ ಇದ್ದೇ ಇರುತ್ತಾರೆ. ಆ ಮಾವನದು ಕತ್ತರಿಸಿದ ಗಾದಿ, ನಿಮ್ಮದು ಹೊಲಿದ ಗಾದಿ.

ಹರಿದದ್ದು ಯಾವ ದಿಕ್ಕಿಗೆ ಎಂದು ವೈದ್ಯರನ್ನೇ ಕೇಳಿಕೊಳ್ಳಿ. ಯಾಕೆಂದರೆ ಕಾಲೂರಬಹುದೋ ಇಲ್ಲವೋ ಎಂಬುದು ನಿಂತಿರುವುದೇ ಅದರ ಮೇಲೆ. ಮೊಣಕಾಲಿನಲ್ಲಿ ಒಳಬದಿಗೊಂದು, ಹೊರಬದಿಗೊಂದು ಗಾದಿ ಇವೆ. ಅರ್ಧಚಂದ್ರದ ಆಕಾರ, ಅಂಚಿನಲ್ಲಿ ದಪ್ಪ, ಒಳಕ್ಕೆ ಹೋದಂತೆ ತೆಳು. ಗುಂಡಗಿನ ತೊಡೆಯೆಲುಬು ಚಪ್ಪಟೆಯಾದ ಕೆಳಗಿನ ಎಲುಬಿನ ಮೇಲೆ ಜಾರದಂತೆ ಎರಡೂ ಬದಿ ಒತ್ತುಕಲ್ಲು ಕೊಟ್ಟ ಹಾಗೆ. ಭಾರ ಬಿದ್ದಾಗ ಗಾದಿ ಹೊರಕ್ಕೆ ಜಾರಲು ನೋಡುತ್ತದೆ. ಸುತ್ತಲೂ ಬಳೆಯಂತೆ ಓಡುವ ಎಳೆಗಳು ಅದನ್ನು ಬಿಗಿದು ಹಿಡಿಯುತ್ತವೆ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಹಳಿ ಹಾಕಿರುವುದಿಲ್ಲವೇ, ಅದೇ ಕೆಲಸ. ನಿಂತಾಗ ಮೊಣಕಾಲಿನ ಭಾರದಲ್ಲಿ ಸುಮಾರು ಅರ್ಧವನ್ನು, 90 ಡಿಗ್ರಿ ಮಡಚಿದಾಗ ಸುಮಾರು ಶೇ 85ರಷ್ಟನ್ನು ಈ ಎರಡು ಗಾದಿಗಳೇ ಹೊರುತ್ತವೆ.

ಎಳೆಗಳ ಉದ್ದಕ್ಕೆ ಸೀಳಿದ್ದರೆ ಹಳಿ ತುಂಡಾಗಿಲ್ಲ, ಪದರ ಬಿಟ್ಟಿದೆ ಅಷ್ಟೇ. ಕಾಲು ನೆಟ್ಟಗಿಟ್ಟು ಭಾರ ಹಾಕಿದಾಗ ಸೀಳಿನ ಎರಡು ಅಂಚುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಅದಕ್ಕೇ ಅಂಥವರಿಗೆ ಮೊಣಕಾಲಿಗೆ ಕಟ್ಟುವ ಕೀಲಿರುವ ಬೆಲ್ಟನ್ನು ಮಡಚದಂತೆ ಲಾಕ್ ಮಾಡಿ, ಊರುಗೋಲು ಹಿಡಿದು ಕಾಲೂರಲು ಬಿಡುತ್ತಾರೆ. ಅಡ್ಡಕ್ಕೆ ಹರಿದಿದ್ದರೆ, ಅಥವಾ ಗಾದಿ ಎಲುಬಿಗೆ ಅಂಟಿಕೊಂಡ ಬುಡವೇ ಕಿತ್ತಿದ್ದರೆ ಹಳಿ ಕಡಿದಂತೆ. ಭಾರ ಬಿದ್ದಷ್ಟೂ ಹೊಲಿಗೆ ಬಾಯಿ ಬಿಡುತ್ತದೆ. ಇವರಿಗೆ ಸಾಮಾನ್ಯವಾಗಿ ಆರು ವಾರ ಕಾಲೂರುವ ಮಾತೇ ಇಲ್ಲ. ಪಕ್ಕದ ಹಾಸಿಗೆಯವನು ನಡೆದಾಡುತ್ತಿದ್ದಾನೆ ಎಂದು ನೀವೂ ಇಳಿದು ನಡೆಯಬೇಡಿ.

ಇಷ್ಟು ಕಷ್ಟಪಟ್ಟು ಹೊಲಿಯುವ ಬದಲು ಕಿತ್ತು ಹಾಕಿದ್ದರಾಗುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಹಿಂದೆ ಹಾಗೆಯೇ ಮಾಡುತ್ತಿದ್ದರು. 1883ರಲ್ಲೇ ಎಡಿನ್‌ಬರೋದ ಥಾಮಸ್ ಅನಂಡೇಲ್ ಗಾದಿಗೆ ಹೊಲಿಗೆ ಹಾಕಿದ್ದರೂ, ಅದೊಂದು ಕೆಲಸಕ್ಕೆ ಬಾರದ ಅವಶೇಷ ಎಂಬ ನಂಬಿಕೆ ಬಹಳ ಕಾಲ ಉಳಿಯಿತು. 1948ರಲ್ಲಿ ಫೇರ್‌ಬ್ಯಾಂಕ್ ಎಂಬ ವೈದ್ಯರು, ಗಾದಿ ತೆಗೆದವರ ಎಕ್ಸ್‌ರೇಗಳಲ್ಲಿ ಕೀಲಿನ ಸಂದು ಕಿರಿದಾಗಿ ಎಲುಬು ಚಪ್ಪಟೆಯಾಗಿರುವುದನ್ನು ತೋರಿಸಿದರು. ಗಾದಿ ಪೂರ್ತಿ ಹೋದರೆ ಅದೇ ಭಾರ ಸಣ್ಣ ಜಾಗದ ಮೇಲೆ ಬೀಳುತ್ತದೆ, ಎಲುಬಿನ ಮೇಲಿನ ಒತ್ತಡ ಎರಡು ಮೂರು ಪಟ್ಟು ಏರುತ್ತದೆ. ಹಾಗೆಂದು ಎಲ್ಲವನ್ನೂ ಹೊಲಿಯಲಾಗದು. ರಕ್ತ ಹರಿಯುವುದು ಹೊರ ಅಂಚಿಗೆ ಮಾತ್ರ, ಒಳ ಅಂಚಿನಲ್ಲಿ ಹರಿದದ್ದು ಸಾಮಾನ್ಯವಾಗಿ ಕೂಡುವುದಿಲ್ಲ. ಇನ್ನು ಐವತ್ತು ದಾಟಿ ಸವೆದು ಹರಿದ ಗಾದಿಯ ಮಾತೇ ಬೇರೆ. ಎಂಆರ್‌ಐ ಕೈಯಲ್ಲಿ ಹಿಡಿದು ಆಪರೇಷನ್ನಿಗೆ ಓಡುವ ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿ ಎಂದೇ ನಾನು ಹೇಳುವುದು. ಮೊಣಕಾಲು ನಡುವೆ ಸಿಕ್ಕಿಕೊಂಡು ಬಿಚ್ಚದೇ ಹೋದರೆ ಮಾತ್ರ ಕಾಯಬೇಡಿ.

2. ನೆಟ್ಟಗೆ ಮಾಡುವುದು

ಎಲ್ಲರೂ ಎಡವುವುದು ಇಲ್ಲೇ. ‘ಎಷ್ಟು ಮಡಚುತ್ತದೆ’ ಎಂದು ದಿನಾ ಅಳೆಯುತ್ತಾರೆ, ಎಷ್ಟು ಚಾಚುತ್ತದೆ ಎಂದು ಯಾರೂ ನೋಡುವುದಿಲ್ಲ. ಕಾಲು ಚಾಚುವಾಗ ಕೊನೆಯ ಕೆಲವು ಡಿಗ್ರಿಗಳಲ್ಲಿ ಕೆಳಗಿನ ಎಲುಬು ತುಸು ಹೊರಕ್ಕೆ ತಿರುಗಿ, ನಟ್ಟು ಬಿಗಿದಂತೆ ಕೂತುಬಿಡುತ್ತದೆ. ಆ ಬಿಗಿತ ಬಂದ ಮೇಲೆ ನಿಲ್ಲಲು ಸ್ನಾಯು ಹೆಚ್ಚು ದುಡಿಯಬೇಕಿಲ್ಲ. ಅದು ಬಾರದಿದ್ದರೆ ಅರೆ ಮಡಚಿದ ಕಾಲಿನಲ್ಲೇ ಹೆಜ್ಜೆ ಹಾಕಬೇಕು. ಆಗ ತೊಡೆ ದಿನವಿಡೀ ದುಡಿದು ಸೋಲುತ್ತದೆ, ಮಂಡಿಚಿಪ್ಪು ಉರಿಯಲು ಶುರುವಾಗುತ್ತದೆ.

ಬೆಲ್ಟು ಬಿಚ್ಚಲು ವೈದ್ಯರು ಒಪ್ಪಿದ ಹೊತ್ತಿನಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂರಿ. ಒಂದು ಟವೆಲ್ಲನ್ನು ಗಟ್ಟಿಯಾಗಿ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗಿಡಿ, ಮೊಣಕಾಲಿನ ಕೆಳಗಲ್ಲ. ಮೊಣಕಾಲು ಈಗ ಗಾಳಿಯಲ್ಲಿ ತೂಗುತ್ತದೆ, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಹತ್ತು ನಿಮಿಷ, ದಿನಕ್ಕೆ ನಾಲ್ಕು ಸಲ. ಹಿಂಬದಿಯ ಸಂದಿನಲ್ಲಿ ಎಳೆದಂತಾದರೆ ಸರಿ. ಕೀಲಿನ ಒಳಗೆ ಚುಚ್ಚಿದಂತಾದರೆ ನಿಲ್ಲಿಸಿ. ಬೇಗ ಇಳಿಯಲೆಂದು ಮೇಲಿನಿಂದ ಯಾರೂ ಕೈ ಹಾಕಿ ಒತ್ತಬಾರದು. ಪಾದ ಹೊರಕ್ಕೆ ವಾಲಿದರೆ ಮೊಣಕಾಲು ಮಡಚಿಯೂ ನೆಟ್ಟಗಿದ್ದಂತೆ ಕಾಣುತ್ತದೆ, ಹೆಬ್ಬೆರಳು ಮಾಳಿಗೆ ನೋಡುತ್ತಿರಲಿ.

ಆಮೇಲೆ ತೊಡೆಯನ್ನು ಎಬ್ಬಿಸುವ ಕೆಲಸ. ಮೊಣಕಾಲಿನಲ್ಲಿ 20ರಿಂದ 30 ಮಿಲಿಲೀಟರ್ ನೀರು, ಎಂದರೆ ಕೆಮ್ಮಿನ ಔಷಧಿಯ ಎರಡು ಮೂರು ಮುಚ್ಚಳದಷ್ಟು ತುಂಬಿದರೂ ಸಾಕು, ಮಂಡಿಚಿಪ್ಪಿನ ಒಳಬದಿಯ ಸ್ನಾಯು ಮಂಕಾಗುತ್ತದೆ. ಮನಸ್ಸು ಹೇಳುತ್ತದೆ, ತೊಡೆ ಕೇಳುವುದಿಲ್ಲ. ಇದಕ್ಕೆ ನನ್ನ ಉಪಕರಣ ಹಳೆಯ ಪತ್ರಿಕೆ. ಒಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮೊಣಕಾಲಿನ ಕೆಳಗೆ ಸೇರಿಸಿ, ತುದಿಯನ್ನು ಮನೆಯವರ ಕೈಗೆ ಕೊಡಿ. ರೋಗಿ ಮೊಣಕಾಲನ್ನು ಹಾಸಿಗೆಗೆ ಒತ್ತಬೇಕು, ಅವರು ಹಾಳೆ ಎಳೆಯಬೇಕು.

ಗುಳೇದಗುಡ್ಡದ ನೇಕಾರರ ಮನೆಯ ಹುಡುಗನೊಬ್ಬ ಮೊದಲ ವಾರ ಹಲ್ಲು ಕಚ್ಚಿ ಒತ್ತಿದರೂ ಅವನ ತಾಯಿ ಖಣದ ಮಡಿಕೆಯಿಂದ ದಾರ ತೆಗೆದಂತೆ ಹಾಳೆ ಎಳೆದುಬಿಡುತ್ತಿದ್ದರು. ಅವನು ಒತ್ತುತ್ತಿದ್ದದ್ದು ಪೃಷ್ಠದಿಂದ, ತೊಡೆ ಮೆತ್ತಗೆ ಹಿಟ್ಟಿನ ಮುದ್ದೆಯಂತಿತ್ತು. ಅವನ ಬೆರಳುಗಳನ್ನೇ ಮಂಡಿಚಿಪ್ಪಿನ ಮೇಲ್ಭಾಗದ ಒಳಬದಿಗೆ ಇಡಿಸಿದೆ. ‘ಚಿಪ್ಪನ್ನು ಹೊಟ್ಟೆಯ ಕಡೆಗೆ ಎಳೆದುಕೋ’ ಎಂದೆ. ಐದಾರು ಸಲ ಏನೂ ಆಗಲಿಲ್ಲ. ಆಮೇಲೆ ಚರ್ಮದ ಕೆಳಗೆ ಸಣ್ಣದಾಗಿ ಮಿಡಿಯಿತು. ಒಂಬತ್ತನೆಯ ದಿನ ತಾಯಿಯ ಕೈಯಲ್ಲಿ ಹಾಳೆ ಹರಿಯಿತು, ಅರ್ಧ ಅವನ ಕಾಲ ಕೆಳಗೇ ಉಳಿಯಿತು. ಹಾಳೆ ಹರಿಯುವವರೆಗೂ ಬಿಡಬೇಡಿ. ಹತ್ತು ಎಣಿಸುವಷ್ಟು ಹೊತ್ತು ಒತ್ತಿ, ಬಿಡಿ. ಹೀಗೆ ಹತ್ತು ಸಲ, ಎಚ್ಚರವಿರುವಾಗ ಗಂಟೆಗೊಮ್ಮೆ. ಉಸಿರು ಕಟ್ಟಬೇಡಿ.

3. ಐಸು, ಊರುಗೋಲು

ಪುಡಿ ಮಾಡಿದ ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು.

4. ಮಡಚುವುದು, 90 ಡಿಗ್ರಿವರೆಗೆ ಮಾತ್ರ

ವೈದ್ಯರು ಹೇಳಿದ ದಿನದಿಂದ, ಹಿಮ್ಮಡಿಯ ಕೆಳಗೆ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಮಂಚದ ಮೇಲೆ ಕಾಲನ್ನು ಜಾರಿಸಿ. ಎಳೆಯುವುದು ಟವೆಲ್ಲಿನಿಂದ ಅಥವಾ ಕೈಯಿಂದ. ತೊಡೆಯ ಹಿಂದಿನ ಸ್ನಾಯುವಿನಿಂದ ಎಳೆದರೆ, ಅದರ ಒಂದು ಎಳೆ ಒಳಬದಿಯ ಗಾದಿಯ ಹಿಂಭಾಗಕ್ಕೂ ಅಂಟಿಕೊಂಡಿರುವುದರಿಂದ ಹೊಲಿಗೆಯನ್ನು ಜಗ್ಗುತ್ತದೆ. 90 ಡಿಗ್ರಿ ಅಳೆಯಲು ಬಡಿಗರ ಮೂಲೆಮಟ್ಟ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಗೋಡೆಯ ಕ್ಯಾಲೆಂಡರಿನ ರಟ್ಟಿನ ಮೂಲೆಯನ್ನು ಮೊಣಕಾಲ ಬದಿಗೆ ಹಿಡಿಯಿರಿ. ಮಡಚಿದಷ್ಟೂ ಗಾದಿಗಳು ಹಿಂದಕ್ಕೆ ಸರಿಯುತ್ತವೆ. ಇನ್ನೂ ಮಡಚಿದರೆ ತೊಡೆಯೆಲುಬು ಅವುಗಳ ಹಿಂದಿನ ತುದಿಯ ಮೇಲೆ ಕೂರುತ್ತದೆ. ಬಹಳ ಹೊಲಿಗೆಗಳು ಇರುವುದೂ ಅಲ್ಲೇ.

ಹೀಗಾಗಿ ನಮ್ಮ ಕಡೆಯ ಬದುಕಿನ ಅರ್ಧ ಭಂಗಿಗಳು ಸದ್ಯಕ್ಕೆ ನಿಷಿದ್ಧ: ಚಕ್ಕಳಮಕ್ಕಳ ಹಾಕಿ ಊಟ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುವುದು, ಮಂಡಿಯೂರಿ ನಮಾಜು. ಕುರ್ಚಿ ಹಾಕಿಕೊಳ್ಳಿ, ದೇವರು ಬೇಸರ ಪಡುವುದಿಲ್ಲ. ಶೌಚಾಲಯ ಭಾರತೀಯ ಮಾದರಿಯದಾದರೆ ಮೇಲೆ ಇಡುವ ಕಬ್ಬಿಣದ ಕಮೋಡ್ ಕುರ್ಚಿಯನ್ನು ಆಪರೇಷನ್ನಿಗೆ ಮೊದಲೇ ತಂದಿಡಿ. ನಡುವೆ ತೂತು ಕೊರೆದ ತೆಳು ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಒದ್ದೆ ನೆಲದಲ್ಲಿ ಅದರ ಕಾಲು ಅಗಲಿಸಿ ಜಾರಿದ್ದನ್ನು ನಾನು ಕಂಡಿದ್ದೇನೆ.

ಹಾಗೆಯೇ ಔಷಧ ಅಂಗಡಿಯಲ್ಲಿ ತೂಗುಹಾಕಿದ ಎಲಾಸ್ಟಿಕ್ ನೀ ಕ್ಯಾಪು. ಬೆಚ್ಚಗಿರುತ್ತದೆ, ಅಷ್ಟೇ, ಹೊಲಿಗೆಯನ್ನು ಅದೇನೂ ಕಾಯುವುದಿಲ್ಲ. ಕೀಲಿರುವ ಉದ್ದ ಬೆಲ್ಟನ್ನೇ ಹಾಕಬೇಕು, ಅದರ ಕೀಲು ಮಂಡಿಚಿಪ್ಪಿನ ನಡುಮಟ್ಟಕ್ಕೆ ಬರಬೇಕು. ನಡೆದಂತೆ ಜಾರಿ ಮೀನಖಂಡಕ್ಕೆ ಇಳಿಯುತ್ತದೆ, ದಿನಕ್ಕೆ ಮೂರು ನಾಲ್ಕು ಸಲ ಎಳೆದು ಕಟ್ಟಿ. ಎಣ್ಣೆ ಹಚ್ಚಿ ತಿಕ್ಕಿ ‘ನರ ಬಿಡಿಸುವ’ವರನ್ನು ಹೊಸ್ತಿಲ ಆಚೆಯೇ ನಿಲ್ಲಿಸಿ. ಮೀನಖಂಡ ಬಾತು ನೋಯುತ್ತಿದ್ದರಂತೂ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ತಿಕ್ಕದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ ಬಂದರೂ, ಗಾಯ ಒಸರಿದರೂ ಹಾಗೆಯೇ.

5. ಆರು ವಾರ ಕಳೆದ ಮೇಲೆ

ಕುಂಟದೆ ನಡೆಯಲು ಬಂದರೆ ಊರುಗೋಲು ಬಿಡಿ, ಬಾರದಿದ್ದರೆ ಇನ್ನೂ ಒಂದು ವಾರ ಇರಲಿ. ಸ್ಟ್ಯಾಂಡಿಗೆ ಏರಿಸಿದ ಸೈಕಲ್ಲಿಗಿಂತ ಒಳ್ಳೆಯ ಔಷಧ ನಾನು ಕಂಡಿಲ್ಲ. ಸೈಕಲ್ ಪಟುಗಳ ಜಿಲ್ಲೆಯಲ್ಲಿದ್ದು ಬೇರೆ ಮಾತು ಹೇಳಲೂ ಆಗದು. ಸೀಟು ಎತ್ತರಿಸಿ, ಭಾರವಿಲ್ಲದೆ ತುಳಿಯಿರಿ. ಓಟ ನಾಲ್ಕು ತಿಂಗಳ ಮಾತು. ಕಬಡ್ಡಿ ಅಂಗಣ ಆರು ತಿಂಗಳಿಗೆ ಮೊದಲು ಬೇಡ, ಅದೂ ಎರಡೂ ತೊಡೆಗಳ ಬಲ ಸರಿಸಮ ಎಂದು ಪರೀಕ್ಷಿಸಿದ ಮೇಲೆ. ಪೈಲ್ವಾನರು ಬೈಠಕ್ಕಿಗೆ ಅವಸರ ಮಾಡುತ್ತಾರೆ. ನೂರು ಹೊಡೆಯುತ್ತಿದ್ದವನಿಗೆ ಅರ್ಧ ಬೈಠಕ್ ಹತ್ತು ಎಂದರೆ ಅವಮಾನ. ಆದರೂ ಅಷ್ಟೇ.

ಕೊನೆಗೆ ಉಳಿಯುವ ಪರೀಕ್ಷೆ ಇಳಿಯುವುದು. ಮೂರು ತಿಂಗಳು ತುಂಬಿದ ಒಬ್ಬ ಹುಡುಗ ಬಂದ ನೆಂಟರ ಜೊತೆ ಗೋಳಗುಮ್ಮಟ ಹತ್ತಿದ. ಮೂಲೆಯ ಮಿನಾರಿನೊಳಗಿನ ಏಳು ಅಂತಸ್ತಿನ ಮೆಟ್ಟಿಲುಗಳನ್ನು ಏರುವಾಗ ಏನೂ ತೊಂದರೆಯಾಗಲಿಲ್ಲ. ಇಳಿಯುವಾಗ ಒಂದೊಂದು ಮೆಟ್ಟಿಲ ಮೇಲೂ ಕೂತು, ಪ್ಯಾಂಟು ಸವೆಸಿಕೊಂಡು ಬಂದನಂತೆ. ಹತ್ತುವಾಗ ತೊಡೆ ಎತ್ತುತ್ತದೆ, ಇಳಿಯುವಾಗ ಉದ್ದವಾಗುತ್ತಲೇ ಇಡೀ ಮೈಯನ್ನು ಹಿಡಿದಿಡಬೇಕು. ಅವನು ಆ ಅಭ್ಯಾಸವನ್ನೇ ಮಾಡಿರಲಿಲ್ಲ.

ಮನೆ ಮುಂದಿನ ಕಟ್ಟೆಯ ಕೊನೆಯ ಮೆಟ್ಟಿಲ ಮೇಲೆ ಹೊಲಿಗೆ ಬಿದ್ದ ಕಾಲಿನಲ್ಲಿ ನಿಲ್ಲಿ. ಹೊಸ್ತಿಲಾದರೂ ಆದೀತು, ಅಜ್ಜಿ ಬೈಯದಿದ್ದರೆ. ಇನ್ನೊಂದು ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ, ನಾಲ್ಕು ಎಣಿಸುತ್ತ, ನೆಲಕ್ಕೆ ತಾಗಿಸಿ ಹಾಗೆಯೇ ಮೇಲೆ ಬನ್ನಿ. ಭಾರ ನೆಲಕ್ಕೆ ಹಾಕಬೇಡಿ, ತಾಗಿಸಿದರೆ ಸಾಕು. ಎದುರಿಗೆ ಯಾರನ್ನಾದರೂ ನಿಲ್ಲಿಸಿಕೊಳ್ಳಿ. ಮೊಣಕಾಲು ಒಳಕ್ಕೆ ವಾಲಿ ಹೆಬ್ಬೆರಳನ್ನು ದಾಟಿದರೆ ಅವರು ಕೈ ತಟ್ಟಲಿ, ಆ ಸಲದ್ದು ಲೆಕ್ಕಕ್ಕಿಲ್ಲ.