ಅಜ್ಜನ ಮನೆ ಹಂಚಿನ ಊರು ಹುಡುಕಿದ್ದು

ಪುತ್ತೂರಿನ ಹತ್ತಿರದ ಅಜ್ಜನ ಮನೆಯ ಮಾಡು ಬಿಚ್ಚಿದ ದಿನ ಅಂಗಳದ ತುಂಬಾ ಹಂಚು. ಒಂದನ್ನು ಮಗುಚಿದೆ. ಅಡಿಭಾಗದಲ್ಲಿ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಷನ್, ಮಂಗಳೂರು, 1865. "ಮನೆಗೆ ಅಷ್ಟು ವಯಸ್ಸಾಯಿತಾ?" ಎಂದರು ಮಾವ.

ಇಲ್ಲೇ ಎಲ್ಲರೂ ಎಡವುವುದು. 1865 ಎಂದರೆ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಹಂಚು ಅಚ್ಚಿಗೆ ಬಿದ್ದ ವರ್ಷವಲ್ಲ. ಆಲ್ಬುಕರ್ಕ್ ಎಂಬ ಇನ್ನೊಂದು ಕಂಪನಿಯ ಹಂಚಿನ 1868 ಕೂಡ ಹಾಗೇ.

ಮೊದಲು ಹಂಚು ತೊಳೆಯಿರಿ. ನೀರು, ತೆಂಗಿನ ನಾರು, ಅಷ್ಟೇ ಸಾಕು. ತಂತಿ ಬ್ರಷ್ ಬೇಡವೇ ಬೇಡ. ನಾನು ಹಾಗೆ ಉಜ್ಜಿ ಒಂದು ಹಂಚಿನ ಊರಿನ ಹೆಸರನ್ನೇ ಅಳಿಸಿದೆ, ಈಗಲೂ ಬೇಜಾರಿದೆ. ಒಣಗಿದ ಮೇಲೆ ಸಂಜೆ ಬಿಸಿಲಿಗೆ ಓರೆಯಾಗಿ ಹಿಡಿಯಿರಿ, ಇಲ್ಲವೇ ಕತ್ತಲಲ್ಲಿ ಪಕ್ಕದಿಂದ ಟಾರ್ಚ್ ಬಿಡಿ. ನೆರಳು ಬಿದ್ದಾಗ ಅಕ್ಷರ ಎದ್ದು ಕಾಣುತ್ತದೆ. ಇನ್ನೂ ಓದಲಾಗದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ.

ಆಮೇಲೆ ವರ್ಷ ಬಿಟ್ಟು ಹೆಸರು, ಊರು ನೋಡಿ. ಮಿಷನ್ನಿನ ಹಂಚಿನಲ್ಲಿ ಫೆರೋಕ್ (ಕೇರಳದ ಕೋಯಿಕ್ಕೋಡ್ ಹತ್ತಿರದ ಊರು) ಎಂದಿದ್ದರೆ ಅದು 1905ಕ್ಕಿಂತ ಹಳೆಯದಲ್ಲ, ಅಲ್ಲಿನ ಕಾರ್ಖಾನೆ ಶುರುವಾದದ್ದೇ ಆಗ. ಕಾಮನ್‌ವೆಲ್ತ್ ಟ್ರಸ್ಟ್ ಎಂದಿದ್ದರೆ ಮೊದಲ ಮಹಾಯುದ್ಧದ ನಂತರದ್ದು. ಯುದ್ಧದ ಹೊತ್ತಿಗೆ ಮಿಷನ್ನಿನ ಕಾರ್ಖಾನೆಗಳು ಸರ್ಕಾರದ ವಶವಾಗಿ ಕೊನೆಗೆ ಆ ಕಂಪನಿಗೆ ಹೋದವು. ಜೇನುನೊಣದ ಗುರುತು ಸಿಕ್ಕರೆ ಜೋಪಾನ! ಅದು ಫ್ರಾನ್ಸಿನ ಮಾರ್ಸೇಲ್ಸ್‌ನ ಗಿಷಾರ್ ಕಾರ್ವ್ಯಾಂ ಕಾರ್ಖಾನೆಯ ಗುರುತು, ಹಡಗಿನಲ್ಲಿ ಬಂದ ಹಂಚು.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಒಂದು ಹಂಚು ನೋಡಿ ಮನೆಯ ವಯಸ್ಸು ಹೇಳಬೇಡಿ. ಮಳೆಗಾಲಕ್ಕೆ ಮುಂಚೆ ಒಡೆದದ್ದನ್ನು ಬದಲಿಸುತ್ತಾರೆ, ಬಿದ್ದ ಮನೆಯ ಹಂಚು ತಂದು ಹಾಕುತ್ತಾರೆ. ಹಾಗಾಗಿ ಇಳಿಸುವಾಗಲೇ ಯಾವ ಭಾಗದ್ದು ಎಂದು ಸೀಮೆಸುಣ್ಣದಲ್ಲಿ ಬರೆದು, ಹೆಸರಿನ ಪ್ರಕಾರ ಎಣಿಸಿ. ಜಾಸ್ತಿ ಇರುವ ಹೆಸರೇ ಮೊದಲು ಹೊದೆಸಿದ್ದು ಇರಬೇಕು. ಮನೆಯ ಹಳೆ ಕಾಗದಪತ್ರದ ಜೊತೆ ತಾಳೆ ನೋಡಿ.

ನಮ್ಮ ಚಾವಡಿ ಮೇಲೆ ಇದ್ದದ್ದೆಲ್ಲ ಬಾಸೆಲ್ ಮಿಷನ್. ಅಡುಗೆಮನೆ ಮೇಲೆ ಮಾತ್ರ ಕಾಮನ್‌ವೆಲ್ತ್. ದೊಡ್ಡಮ್ಮನಿಗೆ ಹೇಳಿದೆ. "ಅಡುಗೆಮನೆ ಆಮೇಲೆ ಕಟ್ಟಿದ್ದಲ್ವಾ, ಮೊದಲು ಅಲ್ಲಿ ಸೋಗೆ ಇತ್ತಂತೆ" ಎಂದರು.