ಒಂದೇ ಒಂದು ಜೀನ್ ಹಿಡಿದು ಪೂರ್ತಿ ಓದುವುದು ಹೇಗೆ

ಜೀನ್ ಬಗ್ಗೆ ತಿಳಿಯಲು ಹೊರಟವರು ಸಾಮಾನ್ಯವಾಗಿ ಡಿಎನ್‌ಎ ಸುರುಳಿಯ ಚಿತ್ರದಿಂದ ಶುರು ಮಾಡುತ್ತಾರೆ, ನಾಲ್ಕಾರು ವ್ಯಾಖ್ಯಾನ ಬಾಯಿಪಾಠ ಮಾಡುತ್ತಾರೆ, ಮೆಂಡೆಲ್‌ನ ಬಟಾಣಿ ಗಿಡದ ಹತ್ತಿರ ಬಂದು ನಿಲ್ಲಿಸಿಬಿಡುತ್ತಾರೆ. ನನ್ನ ಸಲಹೆ ಬೇರೆ. ಒಂದು ಜೀನ್ ಆರಿಸಿಕೊಂಡು ಅದನ್ನೇ ಕೊನೆಯವರೆಗೂ ಹಿಂಬಾಲಿಸಿ. ಅದು ಏನು ಮಾಡುತ್ತದೆ, ಎಲ್ಲಿ ಮತ್ತು ಯಾವಾಗ ಮಾಡುತ್ತದೆ, ಒಬ್ಬರಿಂದ ಒಬ್ಬರಿಗೆ ಹೇಗೆ ಬೇರೆಯಾಗುತ್ತದೆ, ಇದೆಲ್ಲ ವಿಜ್ಞಾನಿಗಳಿಗೆ ಗೊತ್ತಾಗಿದ್ದಾದರೂ ಹೇಗೆ? ಒಂದು ಜೀನ್‌ನಲ್ಲಿ ಇಷ್ಟಕ್ಕೆ ಉತ್ತರ ಸಿಕ್ಕರೆ ಉಳಿದ ಜೀನ್‌ಗಳ ದಾರಿ ತಾನಾಗಿ ತೆರೆಯುತ್ತದೆ. ಬೇಕಾಗಿರುವುದು ಇಂಟರ್ನೆಟ್, ಪೆನ್ನು, ಕಾಗದ. ದೊಡ್ಡ ದೊಡ್ಡ ಲ್ಯಾಬ್‌ಗಳವರು ದಿನಾ ನೋಡುವ ಡೇಟಾಬೇಸ್‌ಗಳು ಎಲ್ಲರಿಗೂ ಉಚಿತ.

ಯಾವ ಜೀನ್? ಮೊದಲಿಗೆ ಎಚ್‌ಬಿಬಿ ತೆಗೆದುಕೊಳ್ಳಿ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಪ್ರೋಟೀನ್ ಸರಪಳಿಗಳಿವೆ, ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿಯ ಜೀನ್ ಇದು. 11ನೇ ಕ್ರೋಮೋಸೋಮ್‌ನಲ್ಲಿದೆ, ಉದ್ದ ಸುಮಾರು 1,600 ಅಕ್ಷರ. ಅಕ್ಷರ ಅಂದರೆ ಡಿಎನ್‌ಎಯ ಎ, ಟಿ, ಜಿ, ಸಿ ಎಂಬ ನಾಲ್ಕು ಬೇಸ್‌ಗಳು. ಹೆಸರು ಎಲ್ಲೋ ಕೇಳಿದ್ದೇವೆ ಎಂದು ಕೆಲವರು ನೇರವಾಗಿ ಸ್ನಾಯು ಕಾಯಿಲೆಗೆ ಸಂಬಂಧಪಟ್ಟ ಡಿಎಂಡಿ ಜೀನ್‌ಗೆ ಕೈ ಹಾಕುತ್ತಾರೆ. ಅದು ಸುಮಾರು 22 ಲಕ್ಷ ಅಕ್ಷರ ಉದ್ದ, ಅದರಲ್ಲಿ 79 ಎಕ್ಸಾನ್‌ಗಳಿವೆ, ಅಂದರೆ ಕೊನೆಯ ಆರ್‌ಎನ್‌ಎಯಲ್ಲಿ ಉಳಿಯುವ ತುಣುಕುಗಳು. ಮೊದಲ ಸಲಕ್ಕೆ ಅದು ಬೇಡ.

ಜೀನ್ ಮಾಹಿತಿಯ ಉಚಿತ ಡೇಟಾಬೇಸ್‌ಗಳಿರುವ ಎನ್‌ಸಿಬಿಐ ತಾಣಕ್ಕೆ ಹೋಗಿ, ಜೀನ್ ವಿಭಾಗ ಆರಿಸಿ, ಎಚ್‌ಬಿಬಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ. ಪಟ್ಟಿಯಲ್ಲಿ ಹಲವು ಪ್ರಾಣಿಗಳ ಜೀನ್‌ಗಳು ಬರುತ್ತವೆ, ಮನುಷ್ಯನದನ್ನೇ ಆರಿಸಿದ್ದೀರಾ ನೋಡಿಕೊಳ್ಳಿ. ಒಂದು ಗುರುತು ಹೇಳುತ್ತೇನೆ: ಮನುಷ್ಯರ ಜೀನ್ ಹೆಸರಿನಲ್ಲಿ ಎಲ್ಲವೂ ದೊಡ್ಡಕ್ಷರ, ಇಲಿಯ ಜೀನ್ ಹೆಸರಿನಲ್ಲಿ ಸಾಮಾನ್ಯವಾಗಿ ಮೊದಲನೆಯದು ಮಾತ್ರ ದೊಡ್ಡಕ್ಷರ. ಪುಟ ತೆರೆದಾಗ ಮಾಹಿತಿ ರಾಶಿ ನೋಡಿ ಗಾಬರಿ ಆಗಬೇಡಿ. ಮೇಲಿರುವ ಸಾರಾಂಶ ಓದಿ, ಕ್ರೋಮೋಸೋಮ್‌ನಲ್ಲಿ ಎಲ್ಲಿದೆ ನೋಡಿ, ಅಕ್ಕಪಕ್ಕ ಯಾವ ಜೀನ್‌ಗಳಿವೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಆ ನೆರೆಹೊರೆ ಮುಂದೆ ಬಹಳ ಬೇಕಾಗುತ್ತದೆ. ಉಳಿದದ್ದು ಸದ್ಯಕ್ಕೆ ಇರಲಿ.

ಅದೇ ಪುಟದಲ್ಲಿ ಎಂಆರ್‌ಎನ್‌ಎಯ, ಅಂದರೆ ಪ್ರೋಟೀನ್ ಮಾಡಲು ಕೋಶ ಜೀನ್‌ನಿಂದ ತಯಾರಿಸುವ ಆರ್‌ಎನ್‌ಎ ಪ್ರತಿಯ, ರೆಫ್‌ಸೀಕ್ ಎಂಬ ಮಾದರಿ ದಾಖಲೆಗೆ ಲಿಂಕ್ ಇರುತ್ತದೆ. ಅದನ್ನು ತೆರೆದರೆ ಅಕ್ಷರಗಳ ಸಾಲು ಸಿಗುತ್ತದೆ. ಇದನ್ನು ದಯವಿಟ್ಟು ಕಂಪ್ಯೂಟರ್‌ಗೆ ಬಿಡದೆ ಕೈಯಲ್ಲೇ ಓದಿ. ಮೊದಲ 50 ಅಕ್ಷರ ಪ್ರೋಟೀನ್ ಆಗಲ್ಲ, ಅದು ಪ್ರೋಟೀನ್ ಕಟ್ಟುವ ರೈಬೋಸೋಮ್ ಬಂದು ಕೂತು ಕೆಲಸ ಶುರು ಮಾಡಲು ಇರುವ ಮುಂಭಾಗ. ಆಮೇಲೆ ಎಟಿಜಿ ಬರುತ್ತದೆ, ಓದು ಶುರುವಾಗುವುದು ಅಲ್ಲಿಂದ. ಮೂರು ಮೂರು ಅಕ್ಷರ ಬಿಡಿಸಿ ಬರೆಯಿರಿ:

ಎಟಿಜಿ, ಜಿಟಿಜಿ, ಸಿಎಟಿ, ಸಿಟಿಜಿ, ಎಸಿಟಿ, ಸಿಸಿಟಿ, ಜಿಎಜಿ, ಜಿಎಜಿ, ಎಎಜಿ.

ಒಂದೊಂದು ಮೂರಕ್ಷರಕ್ಕೂ ಕೋಡಾನ್ ಎನ್ನುತ್ತಾರೆ. ಒಟ್ಟು 64 ಕೋಡಾನ್‌ಗಳು, ಅವುಗಳಲ್ಲಿ 61 ಪ್ರೋಟೀನ್ ಸರಪಳಿಯ ಕೊಂಡಿಗಳಾದ ಅಮೈನೋ ಆಮ್ಲಗಳಿಗೆ, 3 ನಿಲ್ಲಿಸಲು. ಯಾವುದೇ ಜೀವಶಾಸ್ತ್ರ ಪುಸ್ತಕದಲ್ಲಿ ಈ ಕೋಷ್ಟಕ ಇರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಮೆಥಿಯೋನಿನ್, ವ್ಯಾಲೀನ್, ಹಿಸ್ಟಿಡೀನ್, ಲ್ಯೂಸೀನ್, ಥ್ರಿಯೋನಿನ್, ಪ್ರೋಲೀನ್, ಗ್ಲುಟಮಿಕ್ ಆಮ್ಲ, ಮತ್ತೆ ಗ್ಲುಟಮಿಕ್ ಆಮ್ಲ, ಲೈಸೀನ್ ಎಂದು ಬರುತ್ತದೆ. ನಿಜವಾದ ಎಂಆರ್‌ಎನ್‌ಎಯಲ್ಲಿ ಟಿ ಬದಲು ಯು ಇರುತ್ತದೆ, ಡೇಟಾಬೇಸ್‌ನಲ್ಲಿ ಮಾತ್ರ ಟಿ ಎಂದೇ ಬರೆಯುತ್ತಾರೆ. ಹೀಗೇ ಮುಂದುವರಿದರೆ 147 ಅಮೈನೋ ಆಮ್ಲ, ಕೊನೆಗೆ ಒಂದು ನಿಲುಗಡೆ ಕೋಡಾನ್, ಒಟ್ಟು 444 ಅಕ್ಷರ. ಕಾಗದದ ಮೇಲೆ ಪೂರ್ತಿ ಬರೆಯಲು ಒಂದು ಸಂಜೆ ಸಾಕು. ಬರೆದಾದ ಮೇಲೆ ಮಧ್ಯದಲ್ಲಿ ಎಲ್ಲಾದರೂ ಒಂದೇ ಒಂದು ಅಕ್ಷರ ಅಳಿಸಿ ಮತ್ತೆ ಮೂರು ಮೂರಾಗಿ ಓದಿ ನೋಡಿ. ಅಲ್ಲಿಂದ ಮುಂದಕ್ಕೆ ಎಲ್ಲಾ ಅದಲುಬದಲು! ಒಂದಕ್ಷರ ಬದಲಾಗುವುದಕ್ಕೂ ಒಂದಕ್ಷರ ಬಿಟ್ಟುಹೋಗುವುದಕ್ಕೂ ಎಷ್ಟು ವ್ಯತ್ಯಾಸ ಎನ್ನುವುದು ಕೈಯಲ್ಲಿ ಮಾಡಿದಾಗ ಮರೆಯುವುದಿಲ್ಲ.

ಈಗ ಒಂದು ಲೆಕ್ಕ ತಾಳೆಯಾಗಲ್ಲ, ಅಲ್ವಾ? ಜೀನ್ 1,600 ಅಕ್ಷರ, ಪ್ರೋಟೀನ್‌ಗೆ 444 ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಇಂಟ್ರಾನ್. ಎಚ್‌ಬಿಬಿಯಲ್ಲಿ ಮೂರು ಎಕ್ಸಾನ್, ಅವುಗಳ ನಡುವೆ ಎರಡು ಇಂಟ್ರಾನ್, ಒಂದು 130 ಅಕ್ಷರ, ಇನ್ನೊಂದು 850. ಕೋಶ ಮೊದಲು ಪೂರ್ತಿ ಜೀನನ್ನು ಆರ್‌ಎನ್‌ಎಗೆ ನಕಲು ಮಾಡಿ, ಆಮೇಲೆ ಇಂಟ್ರಾನ್‌ಗಳನ್ನು ಕತ್ತರಿಸಿ, ಎಕ್ಸಾನ್‌ಗಳನ್ನು ಜೋಡಿಸುತ್ತದೆ. ಕತ್ತರಿಸಿ ಬಿಸಾಡುವ ಭಾಗ ತಾನೆ, ಅದರಲ್ಲೇನಿದೆ ಎಂದು ಹಾರಿಸಿಬಿಡಬೇಡಿ. ಮೊದಲನೇ ಇಂಟ್ರಾನ್‌ನ 110ನೇ ಅಕ್ಷರ ಜಿ ಇರುವ ಕಡೆ ಎ ಬಂದರೆ ಅಲ್ಲೊಂದು ತಪ್ಪು ಜಾಗ ಹುಟ್ಟಿಕೊಳ್ಳುತ್ತದೆ. ಕೋಶ ಹೆಚ್ಚಿನ ಸಲ ಅಲ್ಲೇ ಕತ್ತರಿಸುತ್ತದೆ, ಸರಿಯಾದ ಬೀಟಾ ಸರಪಳಿ ತೀರಾ ಕಡಿಮೆ ತಯಾರಾಗುತ್ತದೆ. ಬೀಟಾ ಸರಪಳಿ ಸಾಲದೆ ರಕ್ತಹೀನತೆ ತರುವ ಬೀಟಾ ಥಲಸ್ಸೀಮಿಯಾ ಬರುವ ಹಲವು ದಾರಿಗಳಲ್ಲಿ ಇದೂ ಒಂದು. ಪ್ರೋಟೀನ್‌ನ ಒಂದು ಅಕ್ಷರವನ್ನೂ ಮುಟ್ಟದೆ ಇಷ್ಟಾಗುತ್ತದೆ.

ಮುಂದಿನ ಪ್ರಶ್ನೆ: ಎಲ್ಲಿ, ಯಾವಾಗ? ನಿಮ್ಮ ಚರ್ಮದ ಕೋಶದಲ್ಲೂ ಮೆದುಳಿನ ಕೋಶದಲ್ಲೂ ಎಚ್‌ಬಿಬಿ ಇದೆ. ಆದರೆ ಕೆಂಪು ರಕ್ತಕಣ ತಯಾರಾಗುವ ಕೋಶಗಳಲ್ಲಿ ಮಾತ್ರ ಅದಕ್ಕೆ ಜೋರು ಕೆಲಸ. ಜಿಟೆಕ್ಸ್ ಎಂಬ ತಾಣದಲ್ಲಿ ಜೀನ್ ಹೆಸರು ಹಾಕಿದರೆ ಯಾವ ಅಂಗಾಂಶದಲ್ಲಿ ಎಷ್ಟು ಆರ್‌ಎನ್‌ಎ ಇದೆ ಎಂಬ ಚಿತ್ರ ಬರುತ್ತದೆ. ರಕ್ತದ ಕಂಬ ಎಲ್ಲಕ್ಕಿಂತ ಎತ್ತರ. ಬೇರೆ ಅಂಗಗಳಲ್ಲೂ ಸ್ವಲ್ಪ ಕಾಣಿಸಬಹುದು. ಅಯ್ಯೋ, ಶ್ವಾಸಕೋಶವೂ ಹಿಮೋಗ್ಲೋಬಿನ್ ಮಾಡುತ್ತದಾ ಎಂದು ತೀರ್ಮಾನಕ್ಕೆ ಬರಬೇಡಿ. ಆ ಮಾದರಿಯೊಳಗೆ ರಕ್ತವೂ ಇರುತ್ತದಲ್ಲ, ಅದರ ಆರ್‌ಎನ್‌ಎಯೂ ಲೆಕ್ಕಕ್ಕೆ ಬರುತ್ತದೆ. ಯಾವ ಗ್ರಾಫ್ ನೋಡಿದರೂ ಮಾದರಿಯಲ್ಲಿ ನಿಜವಾಗಿ ಏನೇನಿತ್ತು ಎಂದು ಮೊದಲು ಕೇಳಿ.

ಇನ್ನು ನೆರೆಹೊರೆ. ನೀವು ಬರೆದಿಟ್ಟ ಪಟ್ಟಿಯಲ್ಲಿ ಎಚ್‌ಬಿಡಿ, ಎಚ್‌ಬಿಜಿ1, ಎಚ್‌ಬಿಜಿ2, ಎಚ್‌ಬಿಇ1 ಇರಬೇಕು. ಇವೆಲ್ಲ ಒಂದೇ ಮೂಲದಿಂದ ನಕಲಾಗಿ ಬಂದ ದಾಯಾದಿಗಳು. ಭ್ರೂಣದ ಮೊದಲ ವಾರಗಳಲ್ಲಿ ಎಚ್‌ಬಿಇ1, ಆಮೇಲೆ ಗರ್ಭದಲ್ಲಿ ಬಹುಕಾಲ ಎಚ್‌ಬಿಜಿ ಜೋಡಿ, ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಎಚ್‌ಬಿಬಿ ಜವಾಬ್ದಾರಿ ವಹಿಸಿಕೊಳ್ಳುತ್ತದೆ. ಈ ಸರದಿಯಲ್ಲಿ ಈ ಜೀನ್‌ಗಳ ಸಾಲಿಗಿಂತ ಮುಂಚೆ ಇರುವ ಒಂದು ನಿಯಂತ್ರಣ ಪ್ರದೇಶಕ್ಕೆ ದೊಡ್ಡ ಪಾತ್ರವಿದೆ. ಅದು ಸ್ವತಃ ಯಾವ ಪ್ರೋಟೀನನ್ನೂ ಮಾಡಲ್ಲ, ಸಾವಿರಾರು ಅಕ್ಷರ ದೂರದಿಂದ ಡಿಎನ್‌ಎ ಬಾಗಿಸಿಕೊಂಡು ಬಂದು ಬೇಕಾದ ಜೀನನ್ನು ಚುರುಕು ಮಾಡುತ್ತದೆ. ಮನುಷ್ಯನ ಸುಮಾರು 300 ಕೋಟಿ ಅಕ್ಷರಗಳಲ್ಲಿ ಪ್ರೋಟೀನ್ ಆಗುವ ಭಾಗ ಶೇಕಡಾ 2ಕ್ಕಿಂತ ಕಡಿಮೆ. ಹಾಗಾಗಿ ಜೀನ್ ಓದುವಾಗ ಅದರ ಸುತ್ತಮುತ್ತಲನ್ನೂ ಓದಲೇಬೇಕು.

ಈಗ ನನಗೆ ತುಂಬಾ ಇಷ್ಟವಾದ ಭಾಗ, ವ್ಯತ್ಯಾಸ. ನಿಮ್ಮ ಕಾಗದದಲ್ಲಿ ಏಳನೇ ಕೋಡಾನ್ ಹುಡುಕಿ: ಜಿಎಜಿ, ಗ್ಲುಟಮಿಕ್ ಆಮ್ಲ. ಮಧ್ಯದ ಎ ತೆಗೆದು ಟಿ ಹಾಕಿ. ಜಿಟಿಜಿ, ವ್ಯಾಲೀನ್. ಸಿಕಲ್ ಸೆಲ್ ಕಾಯಿಲೆ ಅಂದರೆ ಇದೇ. ಗ್ಲುಟಮಿಕ್ ಆಮ್ಲ ನೀರಿನ ಜೊತೆ ಹೊಂದಿಕೊಳ್ಳುತ್ತದೆ, ವ್ಯಾಲೀನ್ ನೀರಿನಿಂದ ದೂರ ಸರಿಯುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹೊತ್ತಿನಲ್ಲಿ ಹಿಮೋಗ್ಲೋಬಿನ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಉದ್ದುದ್ದ ಎಳೆಗಳಾಗುತ್ತವೆ, ರಕ್ತಕಣ ಬಾಗಿ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಜೀವ ಹಿಂಡುವ ನೋವು ಕೊಡುತ್ತದೆ. ಈಗ ಅದೇ ಕೋಡಾನ್‌ನ ಮೊದಲ ಜಿ ಬದಲು ಎ ಹಾಕಿ: ಎಎಜಿ, ಲೈಸೀನ್. ಇದಕ್ಕೆ ಹಿಮೋಗ್ಲೋಬಿನ್ ಸಿ ಎನ್ನುತ್ತಾರೆ, ತೊಂದರೆ ಸಿಕಲ್ ಸೆಲ್‌ಗಿಂತ ಎಷ್ಟೋ ಕಡಿಮೆ. ಮೂರನೇ ಅಕ್ಷರ ಬದಲಿಸಿ ಜಿಎಎ ಮಾಡಿ. ಕೋಷ್ಟಕ ನೋಡಿ, ಅದೂ ಗ್ಲುಟಮಿಕ್ ಆಮ್ಲವೇ. ಒಂದೇ ಕೋಡಾನ್, ಮೂರು ಬದಲಾವಣೆ, ಮೂರು ಬೇರೆ ಬೇರೆ ಫಲ. ಮ್ಯುಟೇಶನ್ ಅಂದರೆ ಕೆಟ್ಟದ್ದೇ ಎಂದುಕೊಂಡವರಿಗೆ ನಾನು ತೋರಿಸುವುದು ಈ ಕೋಡಾನನ್ನೇ.

ಹಳೆಯ ಪುಸ್ತಕಗಳಲ್ಲಿ ಇದನ್ನೇ 6ನೇ ಜಾಗ ಎಂದು ಬರೆದಿರುತ್ತಾರೆ, ಹೊಸ ದಾಖಲೆಗಳಲ್ಲಿ 7. ಗೊಂದಲ ಬೇಡ. ಮೊದಲ ಮೆಥಿಯೋನಿನ್ ಪ್ರೋಟೀನ್ ತಯಾರಾಗುವಾಗಲೇ ಕಳಚಿ ಹೋಗುತ್ತದೆ, ಹಳಬರು ಅದನ್ನು ಎಣಿಸುತ್ತಿರಲಿಲ್ಲ. ಡಿಎನ್‌ಎ ಲೆಕ್ಕದಲ್ಲಿ ಇದು ಎಟಿಜಿಯಿಂದ 20ನೇ ಅಕ್ಷರ. ಡಿಬಿಎಸ್‌ಎನ್‌ಪಿ ಎಂಬ ಪಟ್ಟಿಯಲ್ಲಿ ಇದರ ಸಂಖ್ಯೆ ಆರ್‌ಎಸ್334. ಕ್ಲಿನ್‌ವಾರ್ ತಾಣದಲ್ಲಿ ಈ ಸಂಖ್ಯೆ ಹಾಕಿದರೆ ಕಾಯಿಲೆಗೆ ಸಂಬಂಧ ಇದೆಯಾ ಎನ್ನುವುದು ಸಿಗುತ್ತದೆ, ನೋಮ್ಯಾಡ್ ತಾಣದಲ್ಲಿ ಯಾವ ಜನಸಮುದಾಯದಲ್ಲಿ ಎಷ್ಟು ಜಾಸ್ತಿ ಎನ್ನುವುದು ಸಿಗುತ್ತದೆ. ಎರಡನ್ನೂ ಜೊತೆಯಲ್ಲೇ ನೋಡಿ. ಚಿಕ್ಕ ವಯಸ್ಸಿನಲ್ಲೇ ಬರುವ ತೀವ್ರವಾದ ಕಾಯಿಲೆಗೆ ಕಾರಣ ಎಂದು ಯಾರಾದರೂ ಹೇಳಿದ ಬದಲಾವಣೆ ಆರೋಗ್ಯವಂತರಲ್ಲಿ ಧಾರಾಳವಾಗಿ ಇದ್ದರೆ ಆ ಮಾತನ್ನು ಅನುಮಾನಿಸಬೇಕು.

ಹಾಗಾದರೆ ಇಷ್ಟು ಕಷ್ಟ ಕೊಡುವ ಬದಲಾವಣೆ ಅಳಿದುಹೋಗಿಲ್ಲ ಏಕೆ? ನಮ್ಮಲ್ಲಿ ಪ್ರತಿ ಜೀನ್‌ಗೂ ಸಾಮಾನ್ಯವಾಗಿ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದೇ ಪ್ರತಿಯಲ್ಲಿ ಈ ಬದಲಾವಣೆ ಇರುವವರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ, ಜೊತೆಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಆಂಥೊನಿ ಆಲಿಸನ್ ಇದನ್ನು 1954ರಲ್ಲಿ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು. ನೋಮ್ಯಾಡ್‌ನಲ್ಲಿ ಎಲ್ಲಿ ಜಾಸ್ತಿ ಎಂದು ನೋಡಿದಿರಲ್ಲ, ಅದರ ಹಿಂದೆ ಇರುವುದು ಮಲೇರಿಯಾ. ಹೀಗೆ ಒಂದೇ ಬದಲಾದ ಪ್ರತಿ ಇರುವ ಇಬ್ಬರು ವಾಹಕರಿಗೆ ಹುಟ್ಟುವ ಮಗುವಿಗೆ ಎರಡೂ ಬದಲಾದ ಪ್ರತಿ ಬರುವ ಸಾಧ್ಯತೆ ಶೇಕಡಾ 25, ಮತ್ತು ಈ ಲೆಕ್ಕ ಪ್ರತಿ ಗರ್ಭಕ್ಕೂ ಹೊಸದಾಗಿ ಶುರು. ಮೊದಲ ಮಗುವಿಗೆ ಬಂತು, ಇನ್ನು ಮೂರು ಮಕ್ಕಳಿಗೆ ಬರಲ್ಲ ಎನ್ನುವುದು ಪೂರಾ ತಪ್ಪು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಬೇರೆ ಜೀವಿಗಳ ಜೊತೆ ಹೋಲಿಸುವುದು ಸುಲಭ. ಹೋಲುವ ಸಾಲುಗಳನ್ನು ಹುಡುಕಿಕೊಡುವ ಎನ್‌ಸಿಬಿಐಯ ಬ್ಲಾಸ್ಟ್‌ಗೆ ಬೀಟಾ ಸರಪಳಿಯ ಪ್ರೋಟೀನ್ ಅಕ್ಷರಗಳನ್ನು ಅಂಟಿಸಿ, ಹುಡುಕಿಸಿ. ಚಿಂಪಾಂಜಿಯದು ನಮ್ಮದರಂತೆಯೇ, ಒಂದೂ ವ್ಯತ್ಯಾಸ ಇಲ್ಲ. ಗೊರಿಲ್ಲಾದಲ್ಲಿ ಒಂದು ಅಮೈನೋ ಆಮ್ಲ ಬೇರೆ. ಇಲಿ, ಕೋಳಿ ಎಂದು ದೂರ ಹೋದಂತೆ ವ್ಯತ್ಯಾಸ ಹೆಚ್ಚುತ್ತದೆ. ಎಲ್ಲೆಲ್ಲಿ ಬದಲಾಗಿದೆ ಅನ್ನುವುದಕ್ಕಿಂತ ಎಲ್ಲಿ ಬದಲಾಗಿಲ್ಲ ಎಂದು ನೋಡಿ. ಕಬ್ಬಿಣ ಹಿಡಿದುಕೊಳ್ಳುವ ಹಿಸ್ಟಿಡೀನ್ ಎಲ್ಲರಲ್ಲೂ ಅಲ್ಲೇ ಇದೆ. ಕೋಟ್ಯಂತರ ವರ್ಷ ಅಲುಗದ ಜಾಗದಲ್ಲಿ ಮುಖ್ಯವಾದ ಕೆಲಸವೊಂದು ನಡೆಯುತ್ತಿದೆ ಎಂದು ಊಹಿಸಬಹುದು.

ಊಹೆ ಸಾಕಾ? ಸಾಲದು. ಜೀನ್ ಏನು ಮಾಡುತ್ತದೆ ಎಂದು ಖಚಿತವಾಗಿ ಹೇಳಲು ಅದನ್ನು ಕೆಡಿಸಿ ಅಥವಾ ಬದಲಿಸಿ ನೋಡಬೇಕು. ಪ್ರಬಂಧ ಓದುವಾಗ ನೀವು ಮೊದಲು ಹುಡುಕಬೇಕಾದದ್ದು ಇದನ್ನೇ: ಇವರು ಸುಮ್ನೆ ಸಂಬಂಧ ಕಂಡರಾ, ಅಥವಾ ಬದಲಿಸಿ ನೋಡಿದರಾ? ಇಲಿಯಲ್ಲಿ ಒಂದು ಜೀನ್ ಮಾತ್ರ ಕೆಲಸ ಮಾಡದಂತೆ ಮಾಡುವ ನಾಕೌಟ್ ವಿಧಾನಕ್ಕೆ 2007ರಲ್ಲಿ, ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್ ಕತ್ತರಿಗೆ 2020ರಲ್ಲಿ ನೊಬೆಲ್ ಬಂದಿದ್ದು ಈ ಕಾರಣಕ್ಕೇ. ಹಾಗೆಂದು ಉಪಕರಣ ಇಲ್ಲದೆ ಏನೂ ಆಗಲ್ಲ ಎಂದಲ್ಲ. ಲೈನಸ್ ಪೌಲಿಂಗ್ ಮತ್ತು ಜೊತೆಗಾರರು 1949ರಲ್ಲಿ ಸಿಕಲ್ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ವೇಗದಲ್ಲಿ ಚಲಿಸುತ್ತದೆ ಎಂದು ತೋರಿಸಿದರು. ವರ್ನನ್ ಇಂಗ್ರಾಮ್ 1957ರ ಹೊತ್ತಿಗೆ ಇಡೀ ವ್ಯತ್ಯಾಸ ಒಂದೇ ಅಮೈನೋ ಆಮ್ಲದ್ದು ಎಂದು ಪತ್ತೆ ಮಾಡಿದರು. ಆಗ ಡಿಎನ್‌ಎ ಅಕ್ಷರ ಓದುವ ಸುಲಭ ವಿಧಾನವೇ ಇರಲಿಲ್ಲ, ಸ್ಯಾಂಗರ್ ವಿಧಾನ ಬಂದಿದ್ದು 1977ರಲ್ಲಿ.

ಸಂಬಂಧ ಕಾಣುವುದು ಮತ್ತು ಬದಲಿಸಿ ನೋಡುವುದು, ಎರಡೂ ಕೂಡಿದರೆ ಏನಾಗುತ್ತದೆ ಎನ್ನುವುದಕ್ಕೂ ಇದೇ ಜೀನ್ ಉದಾಹರಣೆ ಕೊಡುತ್ತದೆ. ಕೆಲವರಲ್ಲಿ ದೊಡ್ಡವರಾದ ಮೇಲೂ ಗರ್ಭಕಾಲದ ಹಿಮೋಗ್ಲೋಬಿನ್ ಸ್ವಲ್ಪ ಜಾಸ್ತಿ ಉಳಿದಿರುತ್ತದೆ, ಅವರಿಗೆ ಸಿಕಲ್ ಸೆಲ್ ಇದ್ದರೂ ತೊಂದರೆ ಕಡಿಮೆ. ತುಂಬಾ ಜನರ ಜೀನೋಮ್, ಅಂದರೆ ಇಡೀ ಡಿಎನ್‌ಎ, ಹೋಲಿಸಿದಾಗ ಬೆರಳು ತೋರಿದ್ದು 2ನೇ ಕ್ರೋಮೋಸೋಮ್‌ನ ಬಿಸಿಎಲ್11ಎ ಎಂಬ ಜೀನ್ ಕಡೆಗೆ. ಆ ಜೀನನ್ನು ಇಲಿಗಳಲ್ಲಿ ನಿಲ್ಲಿಸಿ ನೋಡಿದರು, ಅದೇ ಗರ್ಭಕಾಲದ ಜೀನ್‌ಗಳಿಗೆ ಬೀಗ ಹಾಕುವುದು ಎಂದು ಖಚಿತವಾಯಿತು. 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟ ಕ್ಯಾಸ್ಜೆವಿ ಚಿಕಿತ್ಸೆಯಲ್ಲಿ ರೋಗಿಯ ರಕ್ತದ ಮೂಲಕೋಶ ಹೊರತೆಗೆದು, ಬಿಸಿಎಲ್11ಎ ಕೆಂಪು ರಕ್ತಕಣಗಳ ಸಾಲಿನಲ್ಲಿ ಕೆಲಸ ಮಾಡಲು ಬೇಕಾದ ತುಣುಕನ್ನು ಕ್ರಿಸ್ಪರ್‌ನಿಂದ ಕತ್ತರಿಸಿ, ಕೋಶಗಳನ್ನು ವಾಪಸ್ ಕೊಡುತ್ತಾರೆ. ಗಮನಿಸಿ, ಎಚ್‌ಬಿಬಿಯ ಆ 20ನೇ ಅಕ್ಷರವನ್ನು ಯಾರೂ ಮುಟ್ಟುವುದೇ ಇಲ್ಲ.

ಎಚ್‌ಬಿಬಿ ಮುಗಿಸಿದ ಮೇಲೆ ಒಂದು ಎಚ್ಚರಿಕೆ ಬೇಕು. ಒಂದಕ್ಷರ, ಒಂದು ಕಾಯಿಲೆ ಎಂಬ ನೇರ ದಾರಿ ಎಲ್ಲ ಕಡೆ ಸಿಗಲ್ಲ. 2022ರಲ್ಲಿ ಸುಮಾರು 54 ಲಕ್ಷ ಜನರ ಮಾಹಿತಿ ಸೇರಿಸಿ ಮಾಡಿದ ಅಧ್ಯಯನದಲ್ಲಿ ಬರೀ ಎತ್ತರದ ಜೊತೆ ಸಂಬಂಧ ಕಂಡ ಜಾಗಗಳೇ 12,000ಕ್ಕೂ ಹೆಚ್ಚು. ಇಂಥದ್ದಕ್ಕೆಲ್ಲ ಇದೇ ಜೀನ್ ಕಾರಣ ಎಂಬ ಸುದ್ದಿ ನೋಡಿದಾಗ ಎಷ್ಟು ಜನರಲ್ಲಿ ನೋಡಿದರು, ಆ ಒಂದು ಜೀನ್‌ನ ಪಾಲು ಎಷ್ಟು, ಬೇರೆ ಗುಂಪಿನಲ್ಲೂ ಅದೇ ಫಲಿತಾಂಶ ಬಂತಾ ಎಂದು ಹುಡುಕಿ. ಜೀನ್ ಒಂದೇ ಎಲ್ಲವನ್ನೂ ತೀರ್ಮಾನಿಸುವುದೂ ಇಲ್ಲ. ಪಿಕೆಯು ಕಾಯಿಲೆಯ ಮಕ್ಕಳಲ್ಲಿ ಪಿಎಎಚ್ ಜೀನ್‌ನ ಎರಡೂ ಪ್ರತಿ ಕೆಟ್ಟಿರುತ್ತವೆ, ಆದರೂ ಹುಟ್ಟಿದ ಕೂಡಲೇ ಪತ್ತೆ ಮಾಡಿ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲ ಕಡಿಮೆ ಇರುವ ಆಹಾರ ಕೊಟ್ಟರೆ ಮೆದುಳಿಗೆ ಆಗುವ ಹಾನಿ ತಪ್ಪಿಸಬಹುದು. ನಿಮ್ಮದೇ ಡಿಎನ್‌ಎ ಪರೀಕ್ಷೆಯ ಕಚ್ಚಾ ಫೈಲ್ ಇದ್ದರೆ ಅದನ್ನು ಈ ತಾಣಗಳಲ್ಲಿ ತಾಳೆ ನೋಡಿ ಗಾಬರಿಯಾಗುವ ಮುಂಚೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. ಕಚ್ಚಾ ಫೈಲ್‌ಗಳಲ್ಲಿ ಅಪರೂಪದ ಬದಲಾವಣೆಗಳು ತಪ್ಪಾಗಿ ಬರುವುದುಂಟು.

ಮುಂದಿನ ಜೀನ್ ಎಲ್‌ಸಿಟಿ ಇರಲಿ. ಹಾಲಿನ ಲ್ಯಾಕ್ಟೋಸ್ ಒಡೆಯುವ ಕಿಣ್ವದ ಜೀನ್ ಅದು. ಬಹಳಷ್ಟು ಜನರಲ್ಲಿ ಬಾಲ್ಯ ಕಳೆಯುತ್ತಿದ್ದಂತೆ ಅದರ ಕೆಲಸ ಇಳಿಯುತ್ತದೆ, ಕೆಲವರಲ್ಲಿ ಇಳಿಯುವುದಿಲ್ಲ. ಆ ವ್ಯತ್ಯಾಸಕ್ಕೆ ಕಾರಣವನ್ನು ಎಲ್‌ಸಿಟಿಯ ಕೋಡಾನ್‌ಗಳಲ್ಲಿ ಹುಡುಕಿ, ಸಿಗುವುದಿಲ್ಲ. ಸುಮಾರು 14,000 ಅಕ್ಷರ ಹಿಂದಕ್ಕೆ ಹೋಗಿ, ಪಕ್ಕದ ಎಂಸಿಎಂ6 ಜೀನ್‌ನ ಇಂಟ್ರಾನ್ ಒಳಗೆ ನೋಡಿ. ಕೆಲಸ ಇಳಿಯದ ಯುರೋಪಿನವರಲ್ಲಿ ಹೆಚ್ಚಾಗಿ ಅಲ್ಲಿ ಸಿ ಬದಲು ಟಿ ಇರುತ್ತದೆ. ಪೂರ್ವ ಆಫ್ರಿಕಾದ ದನಗಾಹಿ ಸಮುದಾಯಗಳಲ್ಲಿ ಅದೇ ಇಂಟ್ರಾನ್‌ನ ಬೇರೆ ಅಕ್ಷರ ಬದಲಾಗಿದೆ. ಎರಡೂ ಕಡೆ ಬೇರೆ ಬೇರೆಯಾಗಿಯೇ ಹುಟ್ಟಿದ ಬದಲಾವಣೆಗಳು ಅವು. ಮೊದಲನೆಯದರ ಸಂಖ್ಯೆ ಆರ್‌ಎಸ್4988235, ಡಿಬಿಎಸ್‌ಎನ್‌ಪಿಯಲ್ಲಿ ಹಾಕಿ ಅಲ್ಲಿಂದ ಶುರು ಮಾಡಿ.