ಮೆಥನಾಲಿನಲ್ಲೇ ಪೈಪರಿನ್ ಅಳೆದದ್ದು: ನನ್ನ ಅನುಭವ

ಕಾಳುಮೆಣಸು ಮತ್ತು ಹಿಪ್ಪಲಿಯ ಸಾರದಲ್ಲಿರುವ, ಖಾರ ಕೊಡುವ ಪೈಪರಿನ್ ಅನ್ನು ಅಸಿಟೋನೈಟ್ರೈಲ್ ಎಂಬ ದುಬಾರಿ ದ್ರಾವಕವಿಲ್ಲದೆ, ದ್ರಾವಕಗಳ ಪ್ರಮಾಣವನ್ನು ನಡುವೆಯೇ ಬದಲಿಸುವ ಗ್ರೇಡಿಯಂಟ್ ಪಂಪ್ ಇಲ್ಲದೆ, ಘಟಕಗಳನ್ನು ಬೇರ್ಪಡಿಸಿ ಅವು ಹೀರುವ ಬೆಳಕಿನಿಂದ ಅಳೆಯುವ, ಮಾದರಿಯನ್ನು ಕೈಯಿಂದ ಇಂಜೆಕ್ಟ್ ಮಾಡುವ ಹಳೆಯ ಎಚ್‌ಪಿಎಲ್‌ಸಿಯಲ್ಲಿ ನಂಬಲರ್ಹವಾಗಿ ಅಳೆಯಲಾಗದು ಎಂದು ಪೀಣ್ಯದ ನನ್ನ ಸಹವೃತ್ತಿಗಳಲ್ಲಿ ಹೆಚ್ಚಿನವರು ಹೇಳಿದ್ದರು. ಈಗ ನನ್ನ ಪುಟ್ಟ ಪ್ರಯೋಗಾಲಯ ನಡೆಯುತ್ತಿರುವುದೇ ಬಹುಮಟ್ಟಿಗೆ ಆ ಅಳತೆಯ ಆದಾಯದಿಂದ. ದೊಡ್ಡ ಪ್ರಯೋಗಾಲಯವೊಂದಕ್ಕೆ ಅದೇ ಮಾದರಿಗಳನ್ನು ಗುಟ್ಟಾಗಿ ಕಳುಹಿಸಿ ತಾಳೆ ನೋಡಿದಾಗ ಅವರ ಅಂಕಿಗೂ ನನ್ನ ಅಂಕಿಗೂ ಶೇಕಡ ಎರಡರಷ್ಟು ವ್ಯತ್ಯಾಸವೂ ಇರಲಿಲ್ಲ.

ನನ್ನ ವಾದ ಸರಳವಾಗಿತ್ತು. ಪೈಪರಿನ್ ಅತಿ ಹೆಚ್ಚು ಬೆಳಕನ್ನು ಹೀರುವುದು 343 ನ್ಯಾನೊಮೀಟರಿನ ಆಸುಪಾಸಿನಲ್ಲಿ; ಅಗ್ಗದ ದ್ರಾವಕವಾದ ಮೆಥನಾಲ್ ಅಡ್ಡಿಪಡಿಸುವುದು 205ಕ್ಕಿಂತ ಕೆಳಗೆ. ಹೀಗಿರುವಾಗ ಅಸಿಟೋನೈಟ್ರೈಲಿನ ಶುಭ್ರತೆಗೆ ದುಡ್ಡು ಸುರಿಯುವುದೇಕೆ? 2008ರ ಕೊನೆಯಲ್ಲಿ ಜಗತ್ತಿನಾದ್ಯಂತ ಅಸಿಟೋನೈಟ್ರೈಲ್ ಅಭಾವವಾಗಿ ಬೆಲೆ ಗಗನಕ್ಕೇರಿದ್ದನ್ನು ಕಂಡವರಿಗೆ ಈ ಪ್ರಶ್ನೆ ಹೊಸದೇನಲ್ಲ. ನನಗೆ ನೆನಪಿರುವಂತೆ, ಮೆಥನಾಲ್ ಬಾಟಲಿಗೆ ನಾನು ತೆತ್ತದ್ದು ಅಸಿಟೋನೈಟ್ರೈಲಿನ ಬೆಲೆಯ ಮೂರನೇ ಒಂದು ಭಾಗದಷ್ಟು.

ಮೆಥನಾಲಿನ ತೊಂದರೆ ಬೇರೆಯದು. ನೀರಿನೊಡನೆ ಬೆರೆತಾಗ ಅದರ ಸ್ನಿಗ್ಧತೆ ಏರುತ್ತದೆ, ಪಂಪಿನ ಒತ್ತಡವೂ ಏರುತ್ತದೆ. ಮಾಮೂಲಿ ಸಿ18 ಕಾಲಮ್ (ಘಟಕಗಳನ್ನು ಬೇರ್ಪಡಿಸುವ ಕೊಳವೆ), ಮೆಥನಾಲ್ ಮತ್ತು ನೀರಿನ ಎಪ್ಪತ್ತಕ್ಕೆ ಮೂವತ್ತರ ಆಸುಪಾಸಿನ ಮಿಶ್ರಣ, ನಿಮಿಷಕ್ಕೆ ಒಂದು ಮಿಲಿಲೀಟರ್ ಹರಿವು ಇಟ್ಟರೆ ಒತ್ತಡ ಎರಡು ಸಾವಿರ ಪಿಎಸ್‌ಐ ದಾಟುತ್ತಿತ್ತು, ಹಳೆಯ ಸೀಲುಗಳು ಒಂದರ ಹಿಂದೆ ಒಂದರಂತೆ ಸೋರತೊಡಗಿದವು. ಅದಕ್ಕಿಂತ ಕಾಡಿದ್ದು ಬೆಂಗಳೂರಿನ ಹವೆ. ಡಿಸೆಂಬರಿನಲ್ಲಿ ಬೆಳಗಿನ ರನ್ನಿಗೂ ಮಧ್ಯಾಹ್ನದ ರನ್ನಿಗೂ ನಡುವೆ ಪೈಪರಿನ್ನಿನ ಪೀಕ್ (ನಕ್ಷೆಯಲ್ಲಿ ಏಳುವ ಶಿಖರ) ಬರುವ ಸಮಯ ಅರ್ಧ ನಿಮಿಷಕ್ಕೂ ಹೆಚ್ಚು ಜಾರುತ್ತಿತ್ತು. ಕಾಲಮ್ ಓವನ್ನಿಗೆ ಕೇಳಿದ ಬೆಲೆ ಲಕ್ಷದ ಹತ್ತಿರವಿದ್ದುದರಿಂದ ಎಸ್‌.ಪಿ. ರಸ್ತೆಯಲ್ಲಿ ತಾಪ ನಿಯಂತ್ರಕ, ಸಂವೇದಕ ಮತ್ತು ಹೀಟಿಂಗ್ ಟೇಪ್ ಕೊಂಡು, ಥರ್ಮೋಕೋಲ್ ಹೊದಿಸಿದ ಅಲ್ಯೂಮಿನಿಯಂ ಪೆಟ್ಟಿಗೆಯೊಂದನ್ನು ಮಾಡಿಕೊಂಡೆ. ಮೂರು ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಯಿತು. ನಲವತ್ತು ಡಿಗ್ರಿಯಲ್ಲಿ ಒತ್ತಡವೂ ಇಳಿಯಿತು, ಪೀಕ್ ಎಂಟು ನಿಮಿಷದ ಹತ್ತಿರ ಸ್ಥಿರವಾಗಿ ನಿಂತಿತು. ನೋಡಿ ನಕ್ಕವರಲ್ಲಿ ಇಬ್ಬರು ಈಗ ಅಂಥದ್ದೇ ಪೆಟ್ಟಿಗೆ ಮಾಡಿಸಿಕೊಂಡಿದ್ದಾರೆ.

ಯಂತ್ರ ಸರಿಹೋದ ಮೇಲೂ ಅಂಕಿಗಳು ಅಲೆದಾಡುತ್ತಿದ್ದವು. ಕಾರಣ ಬೆಳಕು. ಪೈಪರಿನ್ ಬೆಳಕಿಗೆ ಐಸೊಪೈಪರಿನ್, ಚಾವಿಸಿನ್, ಐಸೊಚಾವಿಸಿನ್ ಆಗಿ ರೂಪ ಬದಲಿಸುತ್ತದೆ ಎಂಬುದು ನಮ್ಮ ವೃತ್ತಿಯವರೆಲ್ಲರಿಗೂ ತಿಳಿದದ್ದೇ. ಆದರೆ ತೆಳುವಾದ ದ್ರಾವಣದಲ್ಲಿ ಅದು ಎಷ್ಟು ಬೇಗ ನಡೆಯುತ್ತದೆ ಎಂಬ ಅಂದಾಜು ಯಾರಿಗೂ ಇದ್ದಂತಿಲ್ಲ. ಕಿಟಕಿಯ ಪಕ್ಕದಲ್ಲಿಟ್ಟ ಬಿಳಿ ಗಾಜಿನ ವಯಲ್‌ನಲ್ಲಿ ಊಟದ ಹೊತ್ತಿಗಾಗಲೇ ಮುಖ್ಯ ಪೀಕ್ ಕುಗ್ಗಿ, ಮಗ್ಗುಲಲ್ಲಿ ಸಣ್ಣ ಪೀಕುಗಳು ಎದ್ದಿದ್ದವು. ಕಂದು ಗಾಜು, ಪರದೆ, ಹಳದಿ ದೀಪ ಇಷ್ಟನ್ನೂ ಒಟ್ಟಿಗೆ ಪಾಲಿಸಿದ ಮೇಲೆಯೇ ಮರುಇಂಜೆಕ್ಷನ್ನಿನ ಏರುಪೇರು ಶೇಕಡ ಒಂದರೊಳಗೆ ಬಂದದ್ದು.

ಶ್ರವಣಾತೀತ ಕಂಪನದಿಂದ ಪುಡಿಯ ಸಾರ ಇಳಿಸುವ ಸೋನಿಕೇಟರ್ ಒಂದನ್ನೇ ನೆಚ್ಚಿಕೊಂಡವರಿಗೆ ಒಂದು ಮಾತು. ಸಾರ ತೆಗೆದು ತೊಳೆದ ಹಿಂಡಿಯನ್ನು ಮತ್ತೊಮ್ಮೆ ಮೆಥನಾಲಿನಲ್ಲಿ ರಿಫ್ಲಕ್ಸ್ ಮಾಡಿ (ಆವಿ ತಣಿದು ಮರಳುವಂತೆ ಕುದಿಸಿ) ನೋಡಿದರೆ, ದಪ್ಪ ಪುಡಿಯಲ್ಲಿ ಕಾಲುಭಾಗದಷ್ಟು ಪೈಪರಿನ್ ಉಳಿದಿರುವುದು ಕಾಣುತ್ತದೆ. ಪುಡಿಯನ್ನು ಅರವತ್ತು ಮೆಶ್ ಜರಡಿಗೆ ಇಳಿಸದೆ ನಾನು ಈಗ ತೂಕವನ್ನೇ ಮಾಡುವುದಿಲ್ಲ.

ಮೆಣಸಿನ ಎಣ್ಣೆ ಮತ್ತು ರಾಳ ಕಾಲಮ್ಮಿನಲ್ಲಿ ಕೂತು, ಎರಡು ಮೂರು ರನ್ನುಗಳ ನಂತರ ದಿಬ್ಬದಂತೆ ಏಳುತ್ತವೆ. ಗ್ರೇಡಿಯಂಟ್ ಬೇಕೇ ಬೇಕು ಎನ್ನುವವರ ಬಲವಾದ ಅಸ್ತ್ರ ಇದೇ. ಮೂವತ್ತೈದು ಸಾವಿರದ ಕಾಲಮ್ ಒಂದನ್ನು ನಾನು ಈ ರಾಳಕ್ಕೆ ಆಹುತಿ ಕೊಟ್ಟದ್ದೂ ಉಂಟು. ಐದಾರು ಇಂಜೆಕ್ಷನ್ನಿಗೊಮ್ಮೆ ತೊಳೆಯುವ ಕ್ರಮವೊಂದನ್ನು ಆ ನಷ್ಟವೇ ಕಲಿಸಿತು; ಯಾವ ದ್ರಾವಕ, ಯಾವ ಕ್ರಮದಲ್ಲಿ, ಎಷ್ಟು ಹೊತ್ತು ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಹೋಲಿಕೆಗೆ ಬಳಸುವ ಶುದ್ಧ ಪೈಪರಿನ್, ಅಂದರೆ ಸ್ಟ್ಯಾಂಡರ್ಡಿನ ಖರ್ಚನ್ನೂ ಇಳಿಸಿದೆ. ಆಲ್ಕೊಹಾಲಿನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಿಂದ ರಾಳವನ್ನು ತೆಗೆದು, ಹರಳುಗಟ್ಟಿಸಿ, ಮತ್ತೆ ಹರಳುಗಟ್ಟಿಸಿದ ನನ್ನ ಸ್ವಂತ ಪೈಪರಿನ್ 130 ಡಿಗ್ರಿಯ ಹತ್ತಿರ ಚೊಕ್ಕವಾಗಿ ಕರಗುತ್ತದೆ. ಅದನ್ನು ದಿನದ ಕೆಲಸಕ್ಕೆ ಬಳಸುತ್ತೇನೆ. ಕೊಂಡ ದುಬಾರಿ ಸ್ಟ್ಯಾಂಡರ್ಡನ್ನು ನನ್ನ ಪೈಪರಿನ್ನಿನ ಶುದ್ಧತೆ ಅಳೆಯುವುದಕ್ಕಷ್ಟೇ ತೆರೆಯುತ್ತೇನೆ.

ಗಿರಾಕಿಗಳೊಡನೆ ನಡೆದ ದೊಡ್ಡ ಜಗಳ ಶೇಕಡ 95 ಪೈಪರಿನ್ ಇದೆ ಎನ್ನುವ ಸಾರದ್ದು. ಘಟಕಗಳನ್ನು ಬೇರ್ಪಡಿಸದೆ ಬೆಳಕಿನ ಹೀರುವಿಕೆಯನ್ನು ಅಳೆಯುವ ಸ್ಪೆಕ್ಟ್ರೊಫೋಟೊಮೀಟರಿನಲ್ಲಿ 95 ತೋರಿದ ಮಾಲು ನನ್ನಲ್ಲಿ 90ರ ಆಚೀಚೆ ಬಂದಿತು. ಪೈಪೆಟ್ಟಿನ್‌ನಂಥ ಸೋದರ ಆಲ್ಕಲಾಯ್ಡುಗಳೂ ಅದೇ ತರಂಗಾಂತರದ ಸುತ್ತಮುತ್ತ ಬೆಳಕನ್ನು ಹೀರುವುದರಿಂದ ಆ ಉಪಕರಣ ಎಲ್ಲವನ್ನೂ ಪೈಪರಿನ್ ಲೆಕ್ಕಕ್ಕೇ ಸೇರಿಸುತ್ತದೆ ಎಂದು ಕ್ರೊಮ್ಯಾಟೊಗ್ರಾಮ್ (ಪೀಕುಗಳ ನಕ್ಷೆ) ಹರಡಿ ತೋರಿಸಿದರೂ ತಯಾರಕರು ಒಪ್ಪಲಿಲ್ಲ, ಆದರೆ ಅವರಿಂದ ಕೊಳ್ಳುತ್ತಿದ್ದವರು ಅಂದಿನಿಂದ ಮಾದರಿಯನ್ನು ನೇರವಾಗಿ ನನಗೇ ಕಳುಹಿಸತೊಡಗಿದರು.

ಬಿಡುವಿನಲ್ಲಿ ಕಷಾಯವನ್ನೂ ಯಂತ್ರಕ್ಕೆ ಹಾಕಿ ನೋಡಿದ್ದೇನೆ. ಪೈಪರಿನ್ ತಣ್ಣೀರಿನಲ್ಲಿ ಲೀಟರಿಗೆ ಸುಮಾರು 40 ಮಿಲಿಗ್ರಾಂ ಮಾತ್ರ ಕರಗುತ್ತದೆ. ಕುದಿಸಿ, ಆರಿಸಿ, ಸೋಸಿದ ಮೆಣಸಿನ ಕಷಾಯದಲ್ಲಿ ಸಿಕ್ಕಿದ್ದು ಅಲ್ಪವೇ. ಅದೇ ಪುಡಿಯನ್ನು ಕೆನೆಹಾಲಿನಲ್ಲಿ ಕುದಿಸಿದಾಗ ಹಲವು ಪಟ್ಟು ಹೆಚ್ಚು ಬಂದಿತು. ಹಾಲಿನ ಪ್ರೋಟೀನನ್ನು ಮೆಥನಾಲಿನಿಂದ ಒಡೆದು ಸೆಂಟ್ರಿಫ್ಯೂಜ್ ಮಾಡದೆ ಇಂಜೆಕ್ಟ್ ಮಾಡಿದರೆ ಕಾಲಮ್ಮಿನ ಆಸೆ ಬಿಡಬೇಕಾಗುತ್ತದೆ. ಕೆ.ಆರ್. ಮಾರುಕಟ್ಟೆಯ ಗ್ರಂಧಿಗೆ ಅಂಗಡಿಗಳ ಹಿಪ್ಪಲಿಯಲ್ಲಿ ಒಂದೂವರೆ ಶೇಕಡ ದಾಟಿದ್ದು ಅಪರೂಪ, ಸಕಲೇಶಪುರದ ಕಾಳುಮೆಣಸು ನಾಲ್ಕರಿಂದ ಆರರ ನಡುವೆ ನಿಲ್ಲುತ್ತದೆ.

ಶುಂಠಿ, ಕಾಳುಮೆಣಸು, ಹಿಪ್ಪಲಿ ಸೇರಿದ ತ್ರಿಕಟು ಚೂರ್ಣ ಮಾತ್ರ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ಶುಂಠಿಯ ಜಿಂಜರಾಲ್ ನೋಡಲು 280 ನ್ಯಾನೊಮೀಟರಿಗೆ ಇಳಿಯಬೇಕು, ನನ್ನ ಡಿಟೆಕ್ಟರ್ ಒಂದು ಸಲಕ್ಕೆ ಒಂದೇ ತರಂಗಾಂತರ ಓದುತ್ತದೆ. ಹೀಗಾಗಿ ಪ್ರತಿ ಮಾದರಿಯನ್ನೂ ಎರಡು ಬಾರಿ ಇಂಜೆಕ್ಟ್ ಮಾಡಿ, ಗಿರಾಕಿಯಿಂದ ಒಂದೂವರೆ ಪಟ್ಟು ಶುಲ್ಕ ಪಡೆಯುತ್ತಿದ್ದೇನೆ.